ಬೇಲಿಯಾಚೆ ಇಟ್ಟ ಎಡೆ

ನನ್ನನ್ನು ತವರಿನಲ್ಲೂ ಗಂಡನ ಮನೆಯಲ್ಲೂ ಬಾಯಿಬಡುಕಿ ಎಂದೇ ಕರೆಯುತ್ತಿದ್ದರು. ಅದರಲ್ಲಿ ಸುಳ್ಳೇನೂ ಇಲ್ಲ. ಹಾದಿಯಲ್ಲಿ ಹೋಗುವ ಜಗಳವನ್ನು ಕರೆದು ಮಣೆ ಹಾಕಿ ಕೂರಿಸುವ ಜಾಯಮಾನ ನನ್ನದು. ಅಂಥವಳು ಬಾಯಿ ಬಿಡಬೇಕಾಗಿದ್ದ ಒಂದೇ ಒಂದು ಹೊತ್ತಿನಲ್ಲಿ ಬಾಗಿಲ ಹಿಂದೆ ನಿಂತು ಸುಮ್ಮನಿದ್ದೆ. ಇದನ್ನು ಬರೆಯಲು ಕೂತಾಗಲೆಲ್ಲ ಎದ್ದು ಹೋಗಿ ಏನಾದರೊಂದು ಕೆಲಸ ಹುಡುಕಿಕೊಳ್ಳುತ್ತೇನೆ. ಇವತ್ತು ಬೆಳಗಿನಿಂದ ಅಂಗಳವನ್ನೇ ಎರಡು ಸಲ ಗುಡಿಸಿದ್ದಾಯಿತು.

ನಾನು ಹುಟ್ಟಿದ್ದು ಕೃಷ್ಣರಾಜನಗರದ ಹತ್ತಿರ, ನಾಲೆ ನೀರಿನ ಒಂದು ಹಳ್ಳಿಯಲ್ಲಿ. ಅಪ್ಪ ಭತ್ತ ಬೆಳೆಯುವ ಒಕ್ಕಲು; ಅದಕ್ಕಿಂತ ಹೆಚ್ಚಾಗಿ ಚಳವಳಿಯವರು. ದೇಶಕ್ಕೆ ಸ್ವಾತಂತ್ರ್ಯ ಬಂದರೂ ಮೈಸೂರಿಗೆ ಜವಾಬ್ದಾರಿ ಸರ್ಕಾರ ಬರಲಿಲ್ಲವೆಂದು ಮೆರವಣಿಗೆ ಹೋಗಿ ಕೆಲವು ವಾರ ಜೈಲಿನಲ್ಲಿದ್ದು ಬಂದಿದ್ದರು. ಆ ಕೆಲವು ವಾರಗಳ ಮೇಲೆಯೇ ತಮ್ಮ ಉಳಿದ ಆಯುಸ್ಸನ್ನೆಲ್ಲ ಕಟ್ಟಿಕೊಂಡರು. ದಿನಾ ಜಗಲಿಯಲ್ಲಿ ಕೂತು ಪತ್ರಿಕೆಯನ್ನು ಗಟ್ಟಿಯಾಗಿ ಓದುವರು, ಕೇಳುವವರು ಇರಲಿ ಇಲ್ಲದಿರಲಿ. ಅನ್ಯಾಯ ಕಂಡಾಗ ಸುಮ್ಮನಿರುವವನು ಅದನ್ನು ಮಾಡಿದವನಿಗಿಂತ ಕೀಳು ಎನ್ನುವುದು ಅವರ ಮಾತು. ಅದನ್ನು ಕೇಳಿಕೊಂಡೇ ನಾನು ಬೆಳೆದೆ, ನಂಬಿಯೂ ಇದ್ದೆ.

ನನ್ನನ್ನು ಕೊಟ್ಟಿದ್ದು ಹುಣಸೂರಿಗೆ. ಮಾವ ಪಿರಿಯಾಪಟ್ಟಣದ ಕಡೆಯಿಂದ ಹೊಗೆಸೊಪ್ಪು ತಂದು ಮಾರುವ ವ್ಯಾಪಾರಿ. ನನ್ನ ಗಂಡ ಮೈಸೂರಿನಲ್ಲಿ ಕಾಂಪೌಂಡರ್ ಕೆಲಸ ಕಲಿತವರು, ಮಿತಭಾಷಿ. ಅವರ ಚಿಕ್ಕಪ್ಪನೊಬ್ಬರು ಯುದ್ಧಕ್ಕೆ ಮೊದಲೇ ಮಲಯಾ ದೇಶಕ್ಕೆ ಹೋಗಿ ರಬ್ಬರ್ ತೋಟದ ಆಸ್ಪತ್ರೆಯಲ್ಲಿದ್ದರು. ಅವರು ಹಿಂತಿರುಗುವಾಗ ಆ ಜಾಗಕ್ಕೆ ನನ್ನ ಗಂಡನನ್ನು ಕರೆಸಿಕೊಂಡರು. ಹೀಗೆ ಸಾವಿರದ ಒಂಬೈನೂರ ಐವತ್ತರ ಆಚೀಚೆ ನಾವಿಬ್ಬರೂ ನಾಗಪಟ್ಟಣದಲ್ಲಿ ಹಡಗು ಹತ್ತಿದೆವು. ಟ್ರಂಕಿನಲ್ಲಿ ರಾಗಿ ಹಿಟ್ಟು, ಹುರುಳಿಕಾಳು, ಒಂದು ಸೇರು ಒಣ ಅವರೆ. ಅವ್ವ ಅಳುತ್ತಾ ಕಟ್ಟಿಕೊಟ್ಟಿದ್ದು.

ಅಲ್ಲಿ ನನ್ನ ಗಂಡನ ಕೆಲಸವನ್ನು ಡ್ರೆಸ್ಸರ್ ಎನ್ನುತ್ತಿದ್ದರು. ಗಾಯಕ್ಕೆ ಪಟ್ಟಿ ಕಟ್ಟುವುದರಿಂದ ಹಿಡಿದು ಹೆರಿಗೆಯವರೆಗೆ ತೋಟದ ಕೂಲಿಯವರಿಗೆಲ್ಲ ಅವರೇ ವೈದ್ಯರು. ನಮಗೆ ಹಲಗೆಯ ಒಂದು ಮನೆ ಕೊಟ್ಟಿದ್ದರು. ಮನೆಯ ಹಿಂದೆ ಹತ್ತು ಮಾರು ದೂರದಲ್ಲಿ ಮುಳ್ಳುತಂತಿಯ ಬೇಲಿ, ಬೇಲಿಯಾಚೆ ಕಾಡು. ಕಾಕನಕೋಟೆಯ ಕಾಡನ್ನು ಕಂಡವಳಿಗೆ ಕಾಡೆಂದರೆ ಆನೆ ಭಯ. ಅಲ್ಲಿನ ಭಯವೇ ಬೇರೆ. ಸರ್ಕಾರದ ಮೇಲೆ ಬಂದೂಕು ಹಿಡಿದ ಕಮ್ಯುನಿಸ್ಟರು ಆ ಕಾಡಿನಲ್ಲಿದ್ದರು. ಅವರಿಗೆ ಅನ್ನ ಸಿಗದಂತೆ ಮಾಡಿದರೆ ತಾವೇ ಸೋತು ಬರುತ್ತಾರೆಂದು ಬಿಳಿಯರ ಸರ್ಕಾರ ಒಂದು ಕಾನೂನು ಮಾಡಿತ್ತು. ಬೇಲಿ ದಾಟಿ ಒಂದು ಹಿಡಿ ಅಕ್ಕಿ, ಒಂದು ತುತ್ತು ಅನ್ನ ಹೋಗಕೂಡದು. ಬೆಳಗ್ಗೆ ರಬ್ಬರ್ ಮರದ ಹಾಲು ಇಳಿಸಲು ಹೋಗುವ ಕೂಲಿಯವರ ಮಡಿಲನ್ನು ಗೇಟಿನಲ್ಲಿ ಬಿಚ್ಚಿಸಿ ನೋಡುತ್ತಿದ್ದರು. ಅಂಗಡಿಯಲ್ಲಿ ಕುಡಿಯುವ ಗಟ್ಟಿಹಾಲಿನ ಡಬ್ಬಿ ಕೊಂಡರೆ, ಕೂಡಿಡಬಾರದೆಂದು ತೂತು ಹೊಡೆದೇ ಕೊಡುತ್ತಿದ್ದರು.

ಇದನ್ನೆಲ್ಲ ಅಪ್ಪನಿಗೆ ಬರೆದೆ. ಬರೆದದ್ದೇ ತಪ್ಪಾಯಿತು. ಅಪ್ಪ ನಾಲ್ಕು ಪುಟದ ಉತ್ತರ ಬರೆದರು. ಅಳಿಯಂದಿರು ಹಸಿದವನ ಅನ್ನಕ್ಕೆ ಬೇಲಿ ಹಾಕುವವರ ಚಾಕರಿ ಮಾಡುತ್ತಿದ್ದಾರೆ, ನಾವು ಯಾರನ್ನು ಓಡಿಸಿದೆವೋ ಅವರಿಗೇ ಅಲ್ಲಿ ಹೋಗಿ ಸಲಾಮು ಹೊಡೆಯುತ್ತಿದ್ದಾರೆ ಎಂದು. ನನ್ನ ಗಂಡನಿಗೆ ಅದನ್ನು ಬೇಕೆಂದೇ ಗಟ್ಟಿಯಾಗಿ ಓದಿದೆ.

"ನಿಮ್ಮಪ್ಪಾರು ಜೈಲ್ಗೋಗಿದ್ದು ದಿಟ," ಎಂದರು. "ಜೈಲ್ನಲ್ಲಿ ಅವರ ಕತ್ತು ಕುಯ್ಯಕ್ಕೆ ಯಾರೂ ಬಂದಿರ್ನಿಲ್ಲ ಕಣೆ."

ಅವರು ಹಾಗೆ ಹೇಳಲು ಕಾರಣವಿತ್ತು. ನಾವು ಹೋದ ವರ್ಷ ಕಾಡಿನವರು ತೋಟದ ಮೇಸ್ತ್ರಿಯೊಬ್ಬನನ್ನು ಪೊಲೀಸರಿಗೆ ಸುದ್ದಿ ಕೊಟ್ಟನೆಂದು ಮರಕ್ಕೆ ಕಟ್ಟಿ ಕಡಿದಿದ್ದರು. ಅವನಿಗೆ ಹೊಲಿಗೆ ಹಾಕಿದವರು ನನ್ನ ಗಂಡ. ಅವನು ಸಂಜೆಯವರೆಗೂ ನೀರು ಕೇಳುತ್ತಾ ಇದ್ದು ಸತ್ತ. ಹಾಗಾಗಿ ಮನೆಯಲ್ಲಿ ದಿನಾ ಇದೇ ಜಗಳ. ನಾನು ಅಪ್ಪನ ಪರ, ಅವರು ಸರ್ಕಾರದ ಪರ. ಜಗಳ ಸಮುದ್ರ ದಾಟಿ ಹೋಗಿ ಬರಲು ತಿಂಗಳು ಹಿಡಿಯುತ್ತಿತ್ತು. ಬೈಗುಳ ಬಂದು ಮುಟ್ಟುವಷ್ಟರಲ್ಲಿ ಬೈಸಿಕೊಂಡ ಕಾರಣವೇ ಮರೆತಿರುತ್ತಿತ್ತು. ಈಗ ನೆನೆದರೆ ನಾನು ಆಡಿದ್ದೆಲ್ಲ ಅಪ್ಪನಿಂದ ಎರವಲು ತಂದ ಮಾತು. ನನ್ನದೇ ಎಂಬ ಮಾತು ಒಂದೂ ಇರಲಿಲ್ಲ.

ಮನೆಗೆಲಸಕ್ಕೆ ಒಬ್ಬಳು ಬರುತ್ತಿದ್ದಳು. ಸೇಲಂ ಕಡೆಯ ತಮಿಳು ಹೆಂಗಸು, ವಿಧವೆ. ಮಧ್ಯಾಹ್ನದವರೆಗೆ ರಬ್ಬರ್ ಹಾಲು ಇಳಿಸಿ ಆಮೇಲೆ ನಮ್ಮ ಮನೆಗೆ ಬಂದು ಪಾತ್ರೆ, ಬಟ್ಟೆ ನೋಡಿಕೊಳ್ಳುತ್ತಿದ್ದಳು. ಅವಳನ್ನು ಅಕ್ಕ ಎನ್ನುತ್ತಿದ್ದೆ. ಎರಡೂ ಭಾಷೆಯಲ್ಲಿ ನಡೆಯುವ ಮಾತು ಅದೊಂದೇ ಆಗಿತ್ತು, ಮೊದಮೊದಲು. ಅವಳು ನನ್ನನ್ನು ಅಮ್ಮಾ ಎನ್ನುತ್ತಿದ್ದಳು. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ದೊಡ್ಡವಳು. ನನಗೆ ಮೊದಲ ಬಸಿರು ಇಳಿದುಹೋದಾಗ ಹದಿನೈದು ದಿನ ನನ್ನ ಮೈಗೆ ಎಣ್ಣೆ ಹಚ್ಚಿ ನೀರು ಹಾಕಿದವಳು ಅವಳೇ. ಅವಳ ತಮ್ಮನೊಬ್ಬ ಕೂಲಿ ಲೈನಿನಿಂದ, ಎಂದರೆ ಕೂಲಿಯವರ ಸಾಲುಮನೆಯಿಂದ, ಕಾಣೆಯಾಗಿದ್ದ. ಕಾಡು ಸೇರಿದನೆಂದು ಎಲ್ಲರೂ ಅನ್ನುತ್ತಿದ್ದರು. ಅವಳು ಆ ಮಾತು ಎತ್ತುತ್ತಿರಲಿಲ್ಲ.

ನಾವು ಅಲ್ಲಿರುವಾಗಲೇ ಹುಣಸೂರಿನಲ್ಲಿ ಮಾವ ತೀರಿಕೊಂಡರು. ಕಾಗದ ಬಂದಾಗ ಹನ್ನೊಂದನೆಯ ದಿನವೂ ಕಳೆದುಹೋಗಿತ್ತು. ನನ್ನ ಗಂಡ ಅಳಲಿಲ್ಲ. ಎರಡು ದಿನ ಊಟ ಬಿಟ್ಟು ಕೆಲಸಕ್ಕೆ ಹೋಗಿ ಬಂದರು. ಹಿರಿಮಗನಾಗಿ ಮಣ್ಣು ಹಾಕಲಿಲ್ಲವೆಂಬ ಸಂಕಟ ನನಗೆ ಅವರ ಮುಖದಲ್ಲಿ ಕಾಣುತ್ತಿತ್ತು. ಮುಂದಿನ ಮಹಾಲಯ ಅಮಾವಾಸ್ಯೆ ಬಂದಾಗ, ಹಿರಿಯರ ಹಬ್ಬವನ್ನಾದರೂ ಸರಿಯಾಗಿ ಮಾಡೋಣವೆಂದು ನಾನೇ ಹೊರಟೆ.

ಗಂಡನ ಮನೆತನದ ಕಟ್ಟುಪಾಡು ಹೀಗೆ. ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಮನೆಯೊಳಗೆ ಎಡೆ ಇಟ್ಟು ಪೂಜೆ ಮಾಡಬೇಕು. ಅದರಲ್ಲಿ ಒಂದು ಪಾಲನ್ನು ಎಲೆಯಲ್ಲಿ ಹಾಕಿ ಮನೆಯ ಎಲ್ಲೆ ದಾಟಿಸಿ ಇಡಬೇಕು. ಇಟ್ಟವರು ತಿರುಗಿ ನೋಡಬಾರದು. ಕಾಗೆ ಬಂದು ಮುಟ್ಟಿದರೆ ಹಿರಿಯರು ಉಂಡಂತೆ. ಹುಣಸೂರಿನಲ್ಲಿ ಹಿತ್ತಲ ಗೋಡೆಯಾಚೆ ಇಡುತ್ತಿದ್ದರು. ಇಲ್ಲಿ ನಮ್ಮ ಎಲ್ಲೆ ಎಂದರೆ ಮುಳ್ಳುತಂತಿ. ಕಾಗೆಗಳು ಕೂರುತ್ತಿದ್ದದ್ದೂ ಅದರ ಕಂಬದ ಮೇಲೆಯೇ. ಅಕ್ಕ ಬಾಳೆ ಎಲೆ ಕೊಯ್ದು ತಂದುಕೊಟ್ಟಳು. ಅನ್ನ, ಹುರುಳಿ ಸಾರು, ವಡೆ, ಕಜ್ಜಾಯ ಮಾಡಿದ್ದೆ. ಮಾವನಿಗೆ ಎಲೆಯಡಿಕೆ, ಹೊಗೆಸೊಪ್ಪು ಬಿಟ್ಟು ಊಟ ಮುಗಿಯುತ್ತಿರಲಿಲ್ಲ. ಅವರದೇ ಅಂಗಡಿಯ ಹೊಗೆಸೊಪ್ಪಿನ ಒಂದು ಸುರುಳಿ ನನ್ನ ಟ್ರಂಕಿನ ತಳದಲ್ಲಿತ್ತು. ಅದನ್ನೂ ಇಟ್ಟೆ. ಒಮ್ಮೊಮ್ಮೆ ಬೀಡಿ ಸೇದುತ್ತಿದ್ದರೆಂದು ನೆನಪಾಗಿ ಒಂದು ಕಟ್ಟು ಬೀಡಿ, ಒಂದು ಬೆಂಕಿಪೊಟ್ಟಣ ಕೂಡ ಇಟ್ಟೆ. ತಂತಿಯ ಕೆಳಗೆ ಕೈ ತೂರಿಸಿ ಎಲೆಯನ್ನು ಆಚೆಗೆ ಸರಿಸಿ, ತಿರುಗಿ ನೋಡದೆ ಒಳಗೆ ಬಂದೆ. ಕಾನೂನು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ದಿನಾ ಅದರ ಮೇಲೇ ಜಗಳವಾಡುತ್ತಿದ್ದೆ. ಆದರೆ ಅದು ಅನ್ನದ ಕಾನೂನು, ಇದು ಎಡೆ. ಎರಡೂ ಒಂದೇ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಕಾಗೆ ಬರುವ ಮೊದಲು ಪೊಲೀಸರು ಬಂದರು. ಬೇಲಿ ಸುತ್ತುವ ಗಸ್ತಿನವರ ಕಣ್ಣಿಗೆ ಬಿದ್ದದ್ದು ಕಾಡಿನ ಕಡೆ ಇಟ್ಟ ಬಿಸಿ ಅನ್ನ, ಹೊಗೆಸೊಪ್ಪು, ಬೀಡಿ, ಬೆಂಕಿಪೊಟ್ಟಣ. ಕಾಡಿನಲ್ಲಿರುವವನಿಗೆ ಇನ್ನೇನು ಬೇಕು ಹೇಳಿ. ಸತ್ತ ಮುದುಕನಿಗೆ ಬೇಕಾದದ್ದೂ ಅಷ್ಟೇ ಎಂದು ಆ ಮಲಯಾ ಪೊಲೀಸನಿಗೆ ಹೇಗೆ ಗೊತ್ತಾಗಬೇಕು.

ತೋಟದ ದೊರೆ ನನ್ನ ಗಂಡನನ್ನು ಕಚೇರಿಗೆ ಕರೆಸಿದರು. ಆ ಎಲೆ ಮೇಜಿನ ಮೇಲಿತ್ತಂತೆ. ಪಿರಿಯಾಪಟ್ಟಣದ ಹೊಗೆಸೊಪ್ಪು ಆ ದೇಶದಲ್ಲಿ ಇನ್ನೊಬ್ಬರ ಮನೆಯಲ್ಲಿ ಇರಲು ಸಾಧ್ಯವಿರಲಿಲ್ಲ. ಅದರ ವಾಸನೆಯಲ್ಲೇ ಬೆಳೆದ ಮಗ ಅವರು. ಇದು ನಿಮ್ಮ ಮನೆಯದೋ ಎಂದು ದೊರೆ ಕೇಳಿದರು. ಅಲ್ಲ ಎಂದರು ನನ್ನ ಗಂಡ. ಹಾಗಾದರೆ ನಿಮ್ಮ ಹಿತ್ತಲಿಗೆ ಬೇರೆ ಯಾರು ಬರುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಹೇಳುವ ಅಗತ್ಯವೇ ಬೀಳಲಿಲ್ಲ. ಬರುತ್ತಿದ್ದವಳು ಅಕ್ಕ ಒಬ್ಬಳೇ, ಅವಳ ತಮ್ಮನ ವಿಷಯ ಎಲ್ಲರಿಗೂ ಗೊತ್ತಿತ್ತು.

ಅವಳು ನಮ್ಮ ಮನೆಯಲ್ಲೇ ಹಬ್ಬದ ಪಾತ್ರೆ ತಿಕ್ಕುತ್ತಿದ್ದಳು. ಇಬ್ಬರು ಪೊಲೀಸರು ಹಿತ್ತಲಿಗೆ ಬಂದು ಅವಳ ರಟ್ಟೆ ಹಿಡಿದರು. ನಾನು ಅಡುಗೆಮನೆಯ ಬಾಗಿಲ ಹಿಂದಿದ್ದೆ. ಗಂಡ ಅಷ್ಟರಲ್ಲಿ ಬಂದು, ಈಚೆ ಬರಬೇಡ ಎಂದು ಕಣ್ಣಲ್ಲೇ ಹೇಳಿದರು. ಅವಳು ಕೈಯ ಬೂದಿಯನ್ನು ಸೀರೆಗೆ ಒರೆಸಿಕೊಳ್ಳುತ್ತಾ ಬಾಗಿಲ ಕಡೆ ನೋಡಿ ಮೆಲ್ಲಗೆ ಅಂದಳು.

"ಅಮ್ಮಾ, ನೀಂಗ ಸೊಲ್ಲುಂಗ."

ನೀವು ಹೇಳಿ, ಎಂದು. ಕೂಗಲಿಲ್ಲ. ನಾನು ಹೇಳುತ್ತೇನೆಂದು ಅವಳಿಗೆ ಖಾತ್ರಿಯಿದ್ದ ಹಾಗಿತ್ತು. ನಾನು ಹೇಳಲಿಲ್ಲ. ಹೆದರಿಕೆಯಿಂದ ನಾಲಿಗೆ ಒಣಗಿತ್ತು ಎಂದು ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ನಾಲಿಗೆ ಸರಿಯಾಗಿಯೇ ಇತ್ತು. ಜೈಲಿಗೆ ಹೋಗುವುದು ಬೇಡವಾಗಿತ್ತು, ಅಷ್ಟೆ.

ಅವಳನ್ನು ಎಲ್ಲೋ ದೂರದ ಶಿಬಿರದಲ್ಲಿ ಇಟ್ಟಿದ್ದಾರೆಂದು ವಾರದ ಮೇಲೆ ತಿಳಿಯಿತು. ವಿಚಾರಣೆ ಇಲ್ಲದೆ ಎಷ್ಟು ದಿನ ಬೇಕಾದರೂ ಇಡಬಹುದಿತ್ತು. ನಾನು ಕಾಲು ಸುಟ್ಟ ಬೆಕ್ಕಿನಂತಾದೆ. ಕೂತಲ್ಲಿ ಕೂರಲಾಗದು, ಮಾಡಿದ ಅಡುಗೆಗೆ ಉಪ್ಪು ಹಾಕಿದೆನೋ ಇಲ್ಲವೋ ತಿಳಿಯದು. ದಿನಾ ಗಂಡನ ಹಿಂದೆ ಬೀಳುತ್ತಿದ್ದೆ.

"ನೀವೋಗಿ ದಿಟ ಹೇಳಿ. ಇಲ್ದಿದ್ರೆ ನಾನೋಯ್ತೀನಿ."

"ಹೋಗು. ನಿನ್ನೂ ತಂತಿಬೇಲಿ ಒಳಿಕ್ಕಾಕ್ತಾರೆ. ಅವಳನ್ನ ಬುಡ್ತಾರೆ ಅಂದ್ಕಂಡಿದ್ದೀಯಾ? ತಮ್ಮ ಕಾಡ್ನಲ್ಲವ್ನೆ. ಇವತ್ತಲ್ಲ ನಾಳೆ ಅವಳನ್ನ ಹಿಡೀತಿದ್ರು."

"ಅವ್ಳೇನು ಮಾಡಿದ್ಲು?"

"ಆ ಮೇಸ್ತ್ರಿ ಏನು ಮಾಡಿದ್ದ?"

ಒಂದು ದಿನ ಸೆರಗು ಕಟ್ಟಿಕೊಂಡು ಕಚೇರಿಯ ಕಡೆ ಹೊರಟೆ. ಆಸ್ಪತ್ರೆಯವರೆಗೆ ಹೋಗಿ ವಾಪಸು ಬಂದೆ. ಇನ್ನೊಂದು ದಿನ ಅಷ್ಟೂ ಹೋಗಲಿಲ್ಲ. ಆಗ ನನಗೆ ಒಂದೇ ಧೈರ್ಯವಿತ್ತು. ಅಪ್ಪ. ನಾಲ್ಕು ವರ್ಷದ ಮೇಲೆ ರಜಾ ಸಿಕ್ಕಿ ಊರಿಗೆ ಹೋಗುವ ಕಾಲ ಹತ್ತಿರವಿತ್ತು. ಅಪ್ಪನಿಗೆ ಹೇಳಿದರೆ ಅವರು ದೊಡ್ಡವರಿಂದ ಸರ್ಕಾರಕ್ಕೆ ಬರೆಸುತ್ತಾರೆ, ಅಕ್ಕ ಬಿಡುಗಡೆಯಾಗುತ್ತಾಳೆ. ಕಾಗದದಲ್ಲಿ ಬರೆಯುವಂತಿರಲಿಲ್ಲ, ಕಾಗದಗಳನ್ನೆಲ್ಲ ಒಡೆದು ಓದುತ್ತಿದ್ದರು. ಐದು ತಿಂಗಳು ಹಾಗೂ ಹೀಗೂ ದೂಡಿದೆ.

ಊರಿಗೆ ಬಂದು ಇಳಿದಾಗ ನಮ್ಮ ಜಗಲಿಯಲ್ಲಿ ಬೇರೆಯದೇ ಜಗಳ ನಡೆಯುತ್ತಿತ್ತು. ಕನ್ನಡ ಮಾತಾಡುವ ಸೀಮೆಗಳನ್ನೆಲ್ಲ ಒಂದು ರಾಜ್ಯ ಮಾಡುವ ಮಾತು ಎದ್ದಿತ್ತು. ಅಪ್ಪ ಅದಕ್ಕೆ ವಿರುದ್ಧ.

"ನಮ್ಮ ಮೈಸೂರು ನಮಗಿರ್ಲಿ ಕಣ್ರೀ ಅಳಿಯಂದ್ರೆ. ಆ ಕಡೇರು ಬಂದು ನಮ್ಮ ಮೇಲೆ ಕೂತ್ಕತಾರೆ."

"ಹೊರದೇಸ್ದಲ್ಲಿ ನಾಕು ವರ್ಸ ಇದ್ದು ನೋಡಿ ಮಾವ. ಯಾವ ಕಡೇರಾದ್ರೂ ಸರಿ, ಕನ್ನಡ ಮಾತಾಡೋರು ಒಬ್ರು ಸಿಕ್ಕುದ್ರೆ ಸಾಕು ಅನ್ನುಸ್ತದೆ," ಎಂದರು ನನ್ನ ಗಂಡ.

"ಊಟಕ್ಕೇಳಿ, ಮುದ್ದೆ ಆರ್ತದೆ. ರಾಜ್ಯ ಆಮೇಲೆ ಹಂಚ್ಕಳಿ," ಎಂದಳು ಅವ್ವ.

ಎರಡು ದಿನ ಕಾದೆ. ಮೂರನೆಯ ದಿನ ನನ್ನ ಗಂಡ ಹುಣಸೂರಿಗೆ ಹೋದ ಮೇಲೆ, ಅಪ್ಪ ಗದ್ದೆಗೆ ಹೊರಟಾಗ ಹಿಂದೆಯೇ ಹೋಗಿ ನಾಲೆಯ ಏರಿಯ ಮೇಲೆ ನಿಲ್ಲಿಸಿಕೊಂಡು ಎಲ್ಲ ಹೇಳಿದೆ. ಎಡೆ ಇಟ್ಟದ್ದು, ಗಂಡ ಅಲ್ಲವೆಂದದ್ದು, ಅವಳು ಹೇಳಿ ಎಂದದ್ದು, ನಾನು ಸುಮ್ಮನಿದ್ದದ್ದು. ಹೇಳುತ್ತಾ ಅತ್ತುಬಿಟ್ಟೆ. ಅಪ್ಪ ಕೆಂಡವಾಗುತ್ತಾರೆ, ನನ್ನ ಕೆನ್ನೆಗೆ ಒಂದು ಬಿಗಿದು ಆಮೇಲೆ ಕಾಗದ ಲೇಖನಿ ತರಿಸುತ್ತಾರೆ ಎಂದುಕೊಂಡಿದ್ದೆ. ಅಪ್ಪ ಬಗ್ಗಿ ನಾಲೆಯಲ್ಲಿ ಸಿಕ್ಕಿಕೊಂಡಿದ್ದ ಕಡ್ಡಿಯೊಂದನ್ನು ತೆಗೆದು ಆಚೆ ಎಸೆದರು.

"ಅದು ಪರದೇಸದ ಇಸ್ಯ ಕಣವ್ವ," ಎಂದರು. "ನಾವು ಇಲ್ಲಿಂದ ಏನು ಮಾಡಕಾಯ್ತದೆ. ಅಳಿಯಂದ್ರ ಕೆಲ್ಸ ಹೋಯ್ತದೆ. ನಾಳೆ ನಾಕು ಜನ, ಇವರ ಅಳಿಯ ಬಿಳೇರ ಮುಂದೆ ಸುಳ್ಳೇಳ್ದ ಅಂತಾರೆ. ಯಾರ್ಗೂ ಹೇಳ್ಬೇಡ. ಮರ್ತುಬುಡು."

"ಅನ್ಯಾಯ ಕಂಡು ಸುಮ್ಮನಿರೋನು ಅಂತ ನೀನೇ ಅಲ್ವಾ ಹೇಳ್ತಿದ್ದದ್ದು, ಅಪ್ಪ."

"ಅದು ದೇಸದ ಮಾತು. ಇದು ಮನೆ ಮಾತು," ಎಂದು ಪಂಚೆ ಎತ್ತಿಕಟ್ಟಿ ಗದ್ದೆಗಿಳಿದರು.

ಆವತ್ತು ನನಗಾದ ಅವಮಾನ ಹೇಳತೀರದು. ಅಪ್ಪನ ಮೇಲಿನ ಸಿಟ್ಟಿಗಿಂತ, ಇಷ್ಟು ವರ್ಷ ಅವರ ಮಾತನ್ನು ಹಿಡಿದು ಗಂಡನನ್ನು ಚುಚ್ಚಿದ್ದು ನೆನೆದು ಮೈಯೆಲ್ಲ ಉರಿಯಿತು. ಗಂಡನಾದರೋ ತಾವು ಸುಳ್ಳು ಹೇಳಿದ್ದು ಯಾತಕ್ಕೆ ಎಂದು ಬಲ್ಲವರು, ಅದಕ್ಕೆ ದೇಶದ ಹೆಸರು ಕೊಟ್ಟವರಲ್ಲ.

ಮಾರನೆಯ ದಿನವೇ ಹುಣಸೂರಿನ ಬಸ್ಸು ಹತ್ತಿದೆ. ಮನೆಗೆ ಹೋಗದೆ ನೆಟ್ಟಗೆ ತಾಲ್ಲೂಕು ಕಚೇರಿಯ ಮುಂದೆ ಇಳಿದೆ. ಅಲ್ಲಿ ಜಗಲಿಯಲ್ಲಿ ಟೈಪ್ ಮೆಷಿನ್ ಇಟ್ಟುಕೊಂಡು ಅರ್ಜಿ ಬರೆಯುವ ಒಬ್ಬ ವಯಸ್ಸಾದವರು ಕೂರುತ್ತಿದ್ದರು. ಜಮೀನು, ಪಾಲು, ದಾರಿ ತಕರಾರು ಅವರ ದಿನದ ಕಸುಬು. ನಾನು ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು.

"ಮೂವತ್ತು ವರ್ಸದಿಂದ ಬರೀತಿದ್ದೀನಿ ಕಣ್ತಾಯಿ. ನಾನು ಮಾಡ್ಲಿಲ್ಲ ಅಂತ ಬರುಸೋರೇ ಎಲ್ಲಾರೂ. ನಾನೇ ಮಾಡ್ದೆ ಅಂತ ಬರ್ಸಕ್ಕೆ ಬಂದೋರು ನೀವೊಬ್ರೆ. ಕೆಳಗಡೆ ಬೇಡಿಕೆ ಏನಂತ ಹಾಕ್ಲಿ?"

"ಅವಳ್ನ ಬುಟ್ಬುಡಿ ಅಂತ ಹಾಕಿ."

ಇಂಗ್ಲಿಷಿನಲ್ಲಿ ಟೈಪು ಮಾಡಿ ಕನ್ನಡದಲ್ಲಿ ಓದಿ ಹೇಳಿದರು. ಓದುಬರಹ ಸರಿಯಾಗಿ ಬಾರದ ಹೆಂಗಸು, ಅರಿಯದೆ ಮಾಡಿದ ತಪ್ಪು, ಮನ್ನಿಸಬೇಕು ಎಂದು ನನಗೆ ಅನುಕೂಲವಾಗುವಂತೆ ಸೇರಿಸಿದ್ದರು. ಒಳ್ಳೆಯ ಮನಸ್ಸಿನಿಂದಲೇ ಸೇರಿಸಿದ್ದು. ಅದನ್ನು ಹೊಡೆದುಹಾಕಿ ಎಂದೆ.

"ಎಡೆ ಇಟ್ಟಿದ್ದು ಅರೀದೆ. ಸುಮ್ಕಿದ್ದದ್ದು ಅರ್ತು. ಎರಡ್ನೂ ಬೇರೆಬೇರೆ ಬರೀರಿ."

ಅವರು ಹೊಸ ಹಾಳೆ ಹಾಕಿದರು. ನಾನು ರುಜು ಹಾಕಿದೆ. ಗುಟ್ಟಾಗಿ ಅಂಚೆಗೆ ಹಾಕಿಬಿಡಬಹುದಾಗಿತ್ತು. ಮುಚ್ಚಿಟ್ಟದ್ದೇ ಸಾಕಾಗಿತ್ತು ನನಗೆ. ಅದನ್ನು ಹಿಡಿದು ಮನೆಗೆ ಹೋಗಿ, ನಡುಮನೆಯಲ್ಲಿ ಕೂತಿದ್ದ ಗಂಡನ ಕೈಗೆ ಕೊಟ್ಟೆ.

"ಹಾಕ್ಲಾ ಬ್ಯಾಡ್ವಾ ಅಂತ ಕೇಳಕ್ಕೆ ಕೊಟ್ಟಿಲ್ಲ. ಓದಿ ಅಂತ ಕೊಟ್ಟೆ."

ಎರಡು ಸಲ ಓದಿದರು. ಅವರು ಸುಳ್ಳು ಹೇಳಿದ್ದು ಅದರಲ್ಲಿತ್ತು. ಹರಿದುಹಾಕುತ್ತಾರೆಂದೇ ನಾನು ನಿಂತಿದ್ದೆ.

"ಇದು ಅವಳಿಗೋಸ್ಕರ ಬರ್ಸಿದ್ದಲ್ಲ ಕಣೆ. ನಿನ್ನ ನಿದ್ದೆಗೋಸ್ಕರ," ಎಂದರು.

ಅದು ನಾಟಿತು. ಆಮೇಲೆ ಅವರು ಲಕೋಟೆಯನ್ನು ತಿರುಗಿಸಿ ನೋಡಿದರು. ತೋಟದ ದೊರೆಯ ವಿಳಾಸ ಹಾಕಿಸಿದ್ದೆ.

"ದೊರೆಗೆ ಕಳುಸುದ್ರೆ ಒಲೆಗಾಕ್ತಾರೆ. ಜಿಲ್ಲೆ ಅಧಿಕಾರಿಗೆ ಹೋಗ್ಬೇಕು ಇದು." ಹಾಗೆಂದು ಬೇರೆ ಲಕೋಟೆ ತೆಗೆದುಕೊಂಡು ತಾವೇ ವಿಳಾಸ ಬರೆದರು. ತಮ್ಮ ಕೆಲಸವನ್ನು ತಾವೇ ಬರೆದುಕೊಟ್ಟ ಹಾಗಿತ್ತು. ನಾನು ಅವರನ್ನು ಎಂದಾದರೂ ಮೆಚ್ಚಿದ್ದರೆ ಆ ಗಳಿಗೆಯಲ್ಲಿ. ಅವರ ಯಾವುದಾದರೂ ಮಾತನ್ನು ಕ್ಷಮಿಸದೆ ಉಳಿದಿದ್ದರೆ ಅದೂ ಆ ಗಳಿಗೆಯದೇ.

ಕೆಲಸ ಹೋಯಿತು. ಮತ್ತೆ ಬರಬೇಕಾಗಿಲ್ಲವೆಂದು ತೋಟದಿಂದ ಎರಡು ಸಾಲಿನ ಕಾಗದ. ಅಧಿಕಾರಿಯ ಉತ್ತರ ಬರಲು ಇನ್ನೂ ಮೂರು ತಿಂಗಳು ಹಿಡಿಯಿತು. ಸದರಿ ಹೆಂಗಸನ್ನು ಈಗಾಗಲೇ ಭಾರತಕ್ಕೆ ಹಡಗಿನಲ್ಲಿ ಕಳುಹಿಸಲಾಗಿದೆ, ಆದ್ದರಿಂದ ಅರ್ಜಿಯ ಮೇಲೆ ಕ್ರಮದ ಅಗತ್ಯವಿಲ್ಲ. ಕಳುಹಿಸಿದ ತಿಂಗಳನ್ನು ನೋಡಿದರೆ ನಾವು ಬಂದದ್ದಕ್ಕಿಂತ ಒಂದೆರಡು ಹಡಗು ಮುಂಚೆ. ನಾನು ಅಪ್ಪನನ್ನು ನೆಚ್ಚಿಕೊಂಡು ದಿನ ಎಣಿಸುತ್ತಿದ್ದಾಗಲೇ ಅವಳು ನಾಗಪಟ್ಟಣದಲ್ಲಿ ಬರಿಗೈಲಿ ಇಳಿದಿದ್ದಳು.

ನನ್ನ ಗಂಡ ಹೆಗ್ಗಡದೇವನಕೋಟೆ ತಾಲ್ಲೂಕಿನ ಹಂಪಾಪುರದಲ್ಲಿ ಒಂದು ಸಣ್ಣ ಔಷಧದ ಅಂಗಡಿ ಇಟ್ಟರು. ಜ್ವರ, ಕಜ್ಜಿ, ಹಾವು ಕಚ್ಚಿದ್ದು. ಮಲಯಾದ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಒಬ್ಬರ ಹತ್ತಿರ ಒಬ್ಬರು ಹಾಯುವಾಗ ಕಾಲಿಗೆ ಏನೋ ತೊಡರುತ್ತದೆಂದು ಗೊತ್ತಿದ್ದು ಸುತ್ತಿ ಹೋಗುವ ಹಾಗೆ ಬದುಕುತ್ತಿದ್ದೆವು. ಅಷ್ಟರಲ್ಲಿ ರಾಜ್ಯವೂ ಒಂದಾಯಿತು. ಅಪ್ಪ ಹದಿನೈದು ದಿನ ಮುನಿಸಿಕೊಂಡಿದ್ದು ಆಮೇಲೆ ತಾವೇ ಮೊದಲಿನಿಂದ ಅದಕ್ಕೆ ಹೋರಾಡಿದವರಂತೆ ಮಾತಾಡತೊಡಗಿದರು.

ಮತ್ತೆ ಚುನಾವಣೆ ಬಂತು. ಅಪ್ಪ ಒಬ್ಬ ಅಭ್ಯರ್ಥಿಯ ಪರವಾಗಿ ಊರೂರು ಸುತ್ತುತ್ತಿದ್ದರು. ರಾವಂದೂರಿನಲ್ಲಿ ಮಧ್ಯಾಹ್ನ ಒಂದು ಸಭೆ ಇತ್ತು. ಹೆಂಗಸರೂ ಬರಬೇಕು, ನೀನು ಬಂದು ಮುಂದೆ ಕೂತರೆ ಉಳಿದವರು ಬರುತ್ತಾರೆ ಎಂದು ಹೇಳಿ ಕಳುಹಿಸಿದರು. ನಾನೂ ನನ್ನ ಗಂಡನೂ ಹೋದೆವು. ಶಾಲೆಯ ಮುಂದಿನ ಬಯಲಿನಲ್ಲಿ ಜಮಖಾನ ಹಾಸಿದ್ದರು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ಅಪ್ಪ ಎದ್ದು ನಿಂತು ಜೈಲಿನ ಕತೆ ಹೇಳಿದರು, ಚಪ್ಪಾಳೆ ಬಿತ್ತು. ಆಮೇಲೆ ನನ್ನ ಕಡೆ ಕೈ ತೋರಿಸಿದರು.

"ನಂದಿರ್ಲಿ, ನನ್ನ ಮಗಳವ್ಳೆ ನೋಡಿ. ಹೊರದೇಸ್ದಲ್ಲಿ ಒಬ್ಬ ಬಡ ಎಂಗಸ್ನ ಬಿಳೇರು ಜೈಲಿಗಾಕುದ್ರು. ನನ್ನ ಮಗಳು ಬಿಳೇರ ಸರ್ಕಾರದ ಮೇಲೇ ಅರ್ಜಿ ಬರುದ್ಲು. ಗಂಡನ ಕೆಲ್ಸ ಹೋದ್ರೂ ಹೋಗ್ಲಿ ಅಂದ್ಲು. ನಮ್ಮ ಮನೆ ರಕ್ತ ಅಂತಾದ್ದು."

ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದವಳು ನನ್ನ ಕೈ ಹಿಡಿದುಕೊಂಡಳು. ಗಂಡಸರ ಸಾಲಿನಲ್ಲಿ ನನ್ನ ಗಂಡ ತಲೆ ತಗ್ಗಿಸಿ ಕೂತಿದ್ದರು. ಆ ಚಪ್ಪಾಳೆ ನಿಲ್ಲುವ ಮೊದಲೇ ಪಕ್ಕದವಳ ಕೈ ಬಿಡಿಸಿಕೊಂಡೆ. ನಾನು ಎದ್ದು ನಿಂತದ್ದು ಯೋಚನೆ ಮಾಡಿ ಅಲ್ಲ. ಕೂತಿರಲು ಆಗಲಿಲ್ಲ.

"ಅಂಗಲ್ಲ," ಎಂದೆ. ಧ್ವನಿ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. "ಬಿಳೇರ ಮೇಲೆ ಬರೀಲಿಲ್ಲ ನಾನು. ನನ್ನ ಮೇಲೆ ಬರ್ಕಂಡೆ. ತಪ್ಪು ಮಾಡ್ದೋಳು ನಾನು. ಅವಳ್ನ ಹಿಡ್ಕಂಡೋಗುವಾಗ ನೀವು ಹೇಳಿ ಅಂತ ನನ್ನ ಕೇಳುದ್ಲು. ನಾನು ಬಾಗಿಲ ಹಿಂದೆ ನಿಂತ್ಕಂಡು ಸುಮ್ಕಿದ್ದೆ. ಅರ್ಜಿ ಬರ್ದಾಗ ಆರು ತಿಂಗಳಾಗಿತ್ತು. ಅಷ್ಟೊತ್ಗೆ ಅವಳ್ನ ಹಡಗು ಹತ್ಸಿದ್ರು. ಅಪ್ಪಂಗೆ ಇದೆಲ್ಲಾ ಗೊತ್ತು."

ಅಪ್ಪ ಮೇಜಿನ ಅಂಚು ಹಿಡಿದು ನಿಂತಿದ್ದರು, ಮುಖ ಕಪ್ಪಿಟ್ಟಿತ್ತು. ಅವರನ್ನು ನಾಲ್ಕು ಜನರೆದುರು ಹೀಗೆ ನಿಲ್ಲಿಸಿದೆನಲ್ಲ ಎಂದು ಅಷ್ಟರಲ್ಲೇ ಸಂಕಟವಾಯಿತು. ಜೊತೆಗೆ, ನಿಜ ಹೇಳಬೇಕೆಂದರೆ, ಒಂದು ನೆಮ್ಮದಿಯೂ. ಅಂತೂ ಬಾಯಿಬಿಟ್ಟೆ, ಇನ್ನು ನನ್ನ ಮೇಲೆ ಯಾರ ಋಣವೂ ಉಳಿಯಲಿಲ್ಲ ಎನ್ನುವ ನೆಮ್ಮದಿ. ಕೂರಲು ಹೊರಟೆ.

ನನ್ನ ಹಿಂದಿನ ಸಾಲಿನಲ್ಲಿ ಒಬ್ಬಳು ಮುದುಕಿ ಕೂತಿದ್ದಳು. ಗುರುತಿನವಳಲ್ಲ, ರಾವಂದೂರಿನವಳೇ ಇರಬೇಕು. ಭಾಷಣವಾಗಲಿ ಅಪ್ಪನ ಮಾನವಾಗಲಿ ಅವಳಿಗೆ ಬೇಕಾಗಿರಲಿಲ್ಲ. ನನ್ನ ಸೆರಗು ಹಿಡಿದು ಕೇಳಿದಳು.

"ಆ ಎಣ್ಣು ಈಗ ಎಲ್ಲವ್ಳವ್ವಾ?"

"ಅವ್ರೂರ್ಗೆ ಹೋಗಿರ್ಬೇಕು ಕಣಜ್ಜಿ. ಸೇಲಂ ಕಡೇರು."

"ಸೇಲಂ ಕಡೆ ಯಾವೂರು?"

ನಾನು ಬಾಯಿ ತೆರೆದೆ. ಮೂರು ವರ್ಷ ನನ್ನ ಮನೆಯ ಪಾತ್ರೆ ತೊಳೆದವಳು, ನನ್ನ ಬಸಿರು ಇಳಿದಾಗ ಮೈಗೆ ನೀರು ಹಾಕಿದವಳು. ಅವಳ ಊರು ಯಾವುದೆಂದು ನಾನು ಒಂದು ದಿನವೂ ಕೇಳಿರಲಿಲ್ಲ.